ದೇಹವನ್ನು ಒಪ್ಪವಾಗಿ ಇಟ್ಟುಕೊಳ್ಳುವುದೂ ಆರಾಧನೆ: ವಿಶ್ವಾಸಿಗಳ ಮನೆಗೊಂದು ಸಮಗ್ರ ಮಾರ್ಗದರ್ಶಿ

ಪ್ರತಿ ಬುಧವಾರ ಸಂಜೆ ಬೆಟಗೇರಿಯಲ್ಲಿ ನಮ್ಮ ಗೃಹ ಪ್ರಾರ್ಥನೆ ಇರುತ್ತದೆ. ಹಾಡು ಮುಗಿದ ಮೇಲೆ ಸಭಾಪಾಲಕರು ಪ್ರಾರ್ಥನೆಯ ವಿಷಯಗಳನ್ನು ಕೇಳುತ್ತಾರೆ. ಒಬ್ಬ ಅಕ್ಕನಿಗೆ ಮೊಣಕಾಲು ನೋವು, ಒಬ್ಬ ಕಾಕಾನಿಗೆ ಸಕ್ಕರೆ ಏರಿದೆ, ಒಬ್ಬರ ಸೊಸೆಗೆ ರಕ್ತ ಕಡಿಮೆ, ಇನ್ನೊಬ್ಬರಿಗೆ ರಾತ್ರಿ ನಿದ್ದೆ ಇಲ್ಲ. ಹೇಳುವುದೆಲ್ಲ ದೇಹದ ಮಾತೇ. ಮೂವತ್ತು ವರ್ಷ ನರ್ಸ್ ಆಗಿ ದುಡಿದ ನಾನು ಆ ಚಾಪೆಯ ಮೇಲೆ ಕುಳಿತು ಎಷ್ಟೋ ಸಂಜೆ ಆಮೆನ್ ಹೇಳಿ ಎದ್ದು ಬಂದಿದ್ದೇನೆ. ಒಂದು ಬುಧವಾರ ಆ ಕಾಕಾನನ್ನು ಕೇಳಿದೆ: "ಕಾಕಾ, ಕೊನೆಯ ಸಲ ರಕ್ತ ತೋರಿಸಿದ್ದು ಯಾವಾಗ?" ಅವರು ಬಹಳ ಹೊತ್ತು ಯೋಚಿಸಿ, "ಹೋದ ಕ್ರಿಸ್‌ಮಸ್ಸಿಗೆ ಮುಂಚೆ ಇರಬೇಕವ್ವ" ಎಂದರು. ಅಂದಿನಿಂದ ನನ್ನ ಚೀಲದಲ್ಲಿ ಬೈಬಲ್ಲಿನ ಜೊತೆಗೆ ರಕ್ತದೊತ್ತಡ ನೋಡುವ ಯಂತ್ರವೂ ಇರುತ್ತದೆ.

ಹಂಚಿನ ಚಾವಣಿಯ ನಮ್ಮ ಹಳೆಯ ದೇವಾಲಯಗಳಲ್ಲಿ, ಎಂದರೆ ಚರ್ಚುಗಳಲ್ಲಿ, ಮಳೆ ಹಿಡಿಯುವ ಮುನ್ನ ಯಾರಾದರೂ ಏಣಿ ಹತ್ತಿ, ಒಡೆದ ಹಂಚು ತೆಗೆದು ಹೊಸದನ್ನು ಕೂಡಿಸುತ್ತಾರೆ. ಆ ಕೆಲಸವನ್ನು ದೇವರ ಸೇವೆಯೆಂದೇ ಮಾಡುತ್ತಾರೆ. ಇದೇ ಮುತುವರ್ಜಿಯನ್ನು ದೇಹಕ್ಕೂ ತೋರಿಸುವುದು ಹೇಗೆ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಎಲ್ಲವನ್ನೂ ಒಂದೇ ವಾರ ಆರಂಭಿಸಬೇಡಿ. ಎರಡನೆಯ ಮತ್ತು ಮೂರನೆಯ ಹೆಜ್ಜೆಗಳನ್ನು ಮಾತ್ರ ಮುಂದೂಡಬೇಡಿ.

ಹೆಜ್ಜೆ 1: ಗುಳಿಗೆ ಮತ್ತು ನಂಬಿಕೆಯ ಜಗಳವನ್ನು ಮುಗಿಸಿಕೊಳ್ಳಿ

"ನಂಬಿಕೆ ಇದ್ದರೆ ಗುಳಿಗೆ ಯಾಕೆ?" ಎಂಬ ಮಾತನ್ನು ಕೇಳಿ ಗುಳಿಗೆ ಬಿಟ್ಟವರನ್ನು ನಾನು ವಾರ್ಡಿನಲ್ಲಿ ಕಂಡಿದ್ದೇನೆ. ಮಾತನ್ನು ಹೇಳಿದವರು ಆಗ ಹಾಸಿಗೆಯ ಪಕ್ಕದಲ್ಲಿ ಇರುತ್ತಿರಲಿಲ್ಲ. ಆದ್ದರಿಂದ ಮೊದಲು ದೇವರ ವಾಕ್ಯವನ್ನೇ, ಬೈಬಲ್ಲನ್ನೇ, ತೆರೆದು ನೋಡಿ.

ಅರಸನಾದ ಹಿಜ್ಕೀಯನು ಸಾಯುವ ಹಾಗಾದಾಗ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡು ಅತ್ತು ಪ್ರಾರ್ಥಿಸಿದನು. ದೇವರು ಕೇಳಿದನು, ಹದಿನೈದು ವರ್ಷ ಆಯುಷ್ಯ ಕೊಡುತ್ತೇನೆ ಎಂದನು. ಅದೇ ಅಧ್ಯಾಯದಲ್ಲಿ, 2 ಅರಸು 20ರಲ್ಲಿ, ಪ್ರವಾದಿಯಾದ ಯೆಶಾಯನು ಅಂಜೂರದ ಹಣ್ಣಿನ ಮುದ್ದೆ ತರಿಸಿ ಹುಣ್ಣಿನ ಮೇಲೆ ಇಡಿಸುತ್ತಾನೆ. ದೇವರ ಮಾತು ಬಂದ ಮೇಲೂ ಔಷಧಿ ಹಚ್ಚಿದರು. ಅಪೊಸ್ತಲನಾದ ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಏನು ತೆಗೆದುಕೊಳ್ಳಬೇಕೆಂದು ಬರೆದನು. ಪೌಲನ ಜೊತೆಗಾರ ಲೂಕನು ವೈದ್ಯನಾಗಿದ್ದನು.

ಇನ್ನು 1 ಕೊರಿಂಥ 6:19. ದೇಹವು ಪವಿತ್ರಾತ್ಮನ ಆಲಯ ಎನ್ನುವಾಗ ಪೌಲನು ಬಳಸುವ ಗ್ರೀಕ್ ಪದ 'ನಾವೋಸ್', ಎಂದರೆ ಆಲಯದ ಒಳಗಿನ ಪವಿತ್ರಸ್ಥಾನ. ಹಳೆಯ ಕನ್ನಡ ಬೈಬಲ್ಲಿನಲ್ಲಿ ಅಲ್ಲಿ 'ಗರ್ಭಗುಡಿ' ಎಂದಿದೆ. ದೇಹವನ್ನೇ ದೇಗುಲವೆಂದ ಶರಣರ ನಾಡಿನಲ್ಲಿ ಹುಟ್ಟಿದ ನಮಗೆ ಈ ಪದವನ್ನು ವಿವರಿಸಿ ಹೇಳಬೇಕಾಗಿಲ್ಲ. ಮುಂದಿನ ಮಾತು ಇನ್ನೂ ತೂಕದ್ದು: ನೀವು ನಿಮ್ಮ ಸ್ವಂತ ಸೊತ್ತಲ್ಲ, ಕ್ರಯ ಕೊಟ್ಟು ಕೊಳ್ಳಲ್ಪಟ್ಟವರು. "ನನ್ನ ದೇಹ, ನಾನು ಹೇಗಾದರೂ ಸವೆಸುತ್ತೇನೆ" ಎನ್ನುವ ಹಕ್ಕು ಅಲ್ಲಿಗೆ ಮುಗಿಯಿತು. ಸಭೆಯ ಕೆಲಸಕ್ಕಾಗಿ ಸವೆಸುತ್ತೇನೆ ಎನ್ನುವವರಿಗೂ ಇದು ಅನ್ವಯಿಸುತ್ತದೆ.

ಯುರೋಪಿನ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಬೆಟಗೇರಿಯಲ್ಲಿ ಆ ಮಿಶನ್ನಿನಿಂದ ಬೆಳೆದ ಆಸ್ಪತ್ರೆಯನ್ನು ಹಿರಿಯರು ಇಂದಿಗೂ ಜರ್ಮನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ನಮಗೆ ಸುವಾರ್ತೆ ತಂದವರೇ ಔಷಧಿಯನ್ನೂ ತಂದರು. ಎರಡನ್ನೂ ಒಂದೇ ಕೈಯಿಂದ ಪಡೆದ ನಾವು ಒಂದನ್ನು ಹಿಡಿದು ಇನ್ನೊಂದನ್ನು ದೂರುವುದು ಸರಿಯಲ್ಲ.

ಹೆಜ್ಜೆ 2: ಬೈಬಲ್ಲಿನ ಖಾಲಿ ಹಾಳೆಯಲ್ಲಿ ಅಂಕಿಗಳನ್ನು ಬರೆಯಿರಿ

ನಮ್ಮ ಮನೆಗಳ ದೊಡ್ಡ ಬೈಬಲ್ಲಿನ ಮುಂದಿನ ಹಾಳೆಯಲ್ಲಿ ಹುಟ್ಟು, ದೀಕ್ಷಾಸ್ನಾನ, ಮದುವೆ, ಮರಣಗಳ ತಾರೀಖು ಬರೆಯುವ ರೂಢಿ ಇದೆ. ಹಿಂದಿನ ಖಾಲಿ ಹಾಳೆಯಲ್ಲಿ ಮನೆಯ ಪ್ರತಿಯೊಬ್ಬರಿಗೂ ನಾಲ್ಕು ಗೆರೆ ಮೀಸಲಿಡಿ: ರಕ್ತದೊತ್ತಡ, ಖಾಲಿ ಹೊಟ್ಟೆಯ ಸಕ್ಕರೆ, ಹಿಮೋಗ್ಲೋಬಿನ್, ಸೊಂಟದ ಸುತ್ತಳತೆ. ಪಕ್ಕದಲ್ಲಿ ತಾರೀಖು.

ರಕ್ತದೊತ್ತಡ ನೋಡಿಸಿಕೊಳ್ಳುವ ಮುನ್ನ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಅರ್ಧ ಗಂಟೆ ಮೊದಲಿನಿಂದ ಚಹಾ, ತಂಬಾಕು ಬೇಡ. ಬೆನ್ನು ಆನಿಸಿ, ಪಾದ ನೆಲಕ್ಕೆ ಊರಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲೆ ಇಡಿ, ಮಾತನಾಡಬೇಡಿ. ಒಂದು ನಿಮಿಷ ಬಿಟ್ಟು ಎರಡನೆಯ ಸಲ ನೋಡಿಸಿ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಡಾಕ್ಟರನ್ನು ಕಾಣಬೇಕು. 180/120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ಬಾಯಿ ಸೊಟ್ಟಗಾಗುವುದು ಅಥವಾ ಮಾತು ತೊದಲುವುದು ಕಂಡರೆ ತಕ್ಷಣ 108ಕ್ಕೆ ಕರೆ ಮಾಡಿ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಒತ್ತಡ ಎಷ್ಟೇ ಇರಲಿ, ಯಂತ್ರ ಹುಡುಕುತ್ತಾ ಕೂರಬೇಡಿ.

ಖಾಲಿ ಹೊಟ್ಟೆಯ ಸಕ್ಕರೆ 126 ಅಥವಾ ಹೆಚ್ಚು ಬಂದು, ಮತ್ತೊಂದು ದಿನವೂ ಹಾಗೆಯೇ ಬಂದರೆ ಅದು ಸಕ್ಕರೆ ಕಾಯಿಲೆ. ಹಿಮೋಗ್ಲೋಬಿನ್ ಗಂಡಸರಿಗೆ 13, ಹೆಂಗಸರಿಗೆ 12, ಗರ್ಭಿಣಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಸೊಂಟದ ಸುತ್ತಳತೆ ನಮ್ಮ ಜನರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು.

ಮೂವತ್ತು ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮತ್ತು ನಗರಗಳ ನಮ್ಮ ಕ್ಲಿನಿಕ್‌ಗಳಲ್ಲಿ ರಕ್ತದೊತ್ತಡ, ಸಕ್ಕರೆ ತಪಾಸಣೆ ಉಚಿತವಾಗಿದೆ. ಅಂಕಿ ಕೆಟ್ಟಿದೆ ಎಂದು ತಿಳಿದಾಗ ಹೆದರಿ ಹಾಳೆ ಮುಚ್ಚಬೇಡಿ. ಆ ಹಾಳೆಯನ್ನು ಮುಂದಿಟ್ಟುಕೊಂಡು ಪ್ರಾರ್ಥಿಸಿ, ಮರುದಿನ ಅದನ್ನೇ ಡಾಕ್ಟರಿಗೆ ತೋರಿಸಿ.

ಹೆಜ್ಜೆ 3: ಪಾದ ತೊಳೆಯಿರಿ, ಪಾದ ನೋಡಿರಿ

ಇದನ್ನು ನಾನು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು.

ನಮ್ಮ ಅವ್ವನಿಗೆ ಹದಿನಾಲ್ಕು ವರ್ಷ ಸಕ್ಕರೆ ಕಾಯಿಲೆ ಇತ್ತು. ಒಂದು ಏಪ್ರಿಲ್ ಭಾನುವಾರ ದೇವಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದಳು. ಆರಾಧನೆ ಮುಗಿದ ಮೇಲೆ ಅಂಗಳದ ಕಲ್ಲುಹಾಸಿನ ಮೇಲೆ ನಿಂತು ಎಲ್ಲರ ಯೋಗಕ್ಷೇಮ ವಿಚಾರಿಸಿದಳು. ಕಲ್ಲು ಕಾದು ಕೆಂಡವಾಗಿತ್ತು. ಅವಳ ಅಂಗಾಲಿಗೆ ಅದು ಗೊತ್ತೇ ಆಗಲಿಲ್ಲ. ನರಗಳು ಮರಗಟ್ಟಿದ್ದವು. ಬೊಬ್ಬೆ ಎದ್ದದ್ದು ನಾಲ್ಕನೆಯ ದಿನ ಕಾಲುಚೀಲಕ್ಕೆ ಕೀವು ಅಂಟಿದಾಗ ಕಂಡಿತು. ಎರಡು ಬೆರಳು ಹೋದವು. ಊರವರ ಗಾಯ ತೊಳೆದು ಕಟ್ಟುತ್ತಿದ್ದ ನಾನು ಅವ್ವನ ಅಂಗಾಲನ್ನು ತಿರುಗಿಸಿ ನೋಡಿರಲಿಲ್ಲ. ಆ ನೋವು ಇಂದಿಗೂ ನನ್ನಲ್ಲಿದೆ.

ಯೋಹಾನ 13ರಲ್ಲಿ ಪ್ರಭು ಯೇಸುವು ಮೇಲುಹೊದಿಕೆ ತೆಗೆದಿಟ್ಟು, ಸೊಂಟಕ್ಕೆ ಕೈಪಾವುಡ ಕಟ್ಟಿಕೊಂಡು, ಶಿಷ್ಯರ ಪಾದಗಳನ್ನು ತೊಳೆದು ಒರೆಸಿದನು. ಪವಿತ್ರ ಗುರುವಾರದಂದು ಅನೇಕ ದೇವಾಲಯಗಳಲ್ಲಿ ಗುರುಗಳು ಹಾಗೆಯೇ ಮಾಡುತ್ತಾರೆ. ತೊಳೆಯುವವನು ಪಾದವನ್ನು ಕೈಯಲ್ಲಿ ಹಿಡಿದಿರುತ್ತಾನೆ, ಹಿಡಿದಾಗ ನೋಡಲೇಬೇಕಾಗುತ್ತದೆ. ಈ ಕೆಲಸವನ್ನು ವರ್ಷಕ್ಕೊಂದು ಗುರುವಾರದಿಂದ ಪ್ರತಿ ರಾತ್ರಿಗೆ ತನ್ನಿ. ರಾತ್ರಿಯ ಪ್ರಾರ್ಥನೆಗೆ ಮುಂಚೆ, ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರ ಪಾದವನ್ನು ಮಗ, ಸೊಸೆ ಅಥವಾ ಮೊಮ್ಮಗಳು ತೊಳೆಯಲಿ.

ನೀರು ಉಗುರುಬೆಚ್ಚಗಿರಲಿ. ಬಿಸಿಯನ್ನು ತೊಳೆಯುವವರೇ ಮೊಣಕೈ ಅದ್ದಿ ನೋಡಬೇಕು. ರೋಗಿಯ ಕಾಲಿಗೆ ಬಿಸಿ ತಿಳಿಯದಿರಬಹುದು. ಸೌಮ್ಯ ಸಾಬೂನು ಸಾಕು, ನೆನೆಸಿ ಇಡುವುದು ಬೇಡ. ಬೆರಳ ಸಂದುಗಳನ್ನು ಮೆತ್ತನೆಯ ಬಟ್ಟೆಯಿಂದ ಒಣಗುವಂತೆ ಒರೆಸಿ. ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದು, ಬೆರಳ ಸಂದಿಗೆ ಬೇಡ. ಬಳಿಕ ದೀಪದ ಬೆಳಕಿನಲ್ಲಿ ಅಂಗಾಲು, ಹಿಮ್ಮಡಿ, ಪ್ರತಿ ಸಂದು ನೋಡಿ: ಬಿರುಕು, ಬೊಬ್ಬೆ, ಕೆಂಪು, ಊತ, ಕಪ್ಪಾದ ಜಾಗ. ಒಂಟಿಯಾಗಿ ಇರುವವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಿಕೊಳ್ಳಲಿ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆಗೆ ಕೊರೆಯಬೇಡಿ. ಆಣಿಯನ್ನು ಬ್ಲೇಡಿನಿಂದ ಕೆತ್ತುವ ಅಭ್ಯಾಸ ಬಿಡಿ. ಗಾಯ ಕಂಡರೆ ಅರಿಶಿನ ಮೆತ್ತಿ ನಾಳೆ ನೋಡೋಣ ಎನ್ನದೆ ಅದೇ ದಿನ ತೋರಿಸಿ.

ಸಭೆಯ ಹಿರಿಯರಲ್ಲಿ ಒಂದು ಬೇಡಿಕೆ. ಚಪ್ಪಲಿ ಬಿಡುವ ಜಾಗದಿಂದ ಬಾಗಿಲವರೆಗೆ ದಪ್ಪ ಚಾಪೆ ಹಾಸಿ, ಸಕ್ಕರೆ ಕಾಯಿಲೆಯವರು ಮೆತ್ತನೆಯ ಚಪ್ಪಲಿ ಹಾಕಿಕೊಂಡೇ ಒಳಗೆ ಬರಬಹುದು ಎಂದು ಪ್ರಕಟಣೆಯಲ್ಲಿ ಹೇಳಿ. ಮೋಶೆಗೆ ಕೆರ ಬಿಡು ಎಂದ ದೇವರು ಕಾಲಿನ ಬೆರಳು ಕೇಳಲಿಲ್ಲ.

ಹೆಜ್ಜೆ 4: ಕೊನೆಗೆ ಉಣ್ಣುವವಳ ತಟ್ಟೆಯಿಂದ ಆರಂಭಿಸಿ

ಯಾಯೀರನ ಮಗಳಿಗೆ ಹನ್ನೆರಡು ವರ್ಷ. ಪ್ರಭುವು ಅವಳನ್ನು ಮರಣದಿಂದ ಎಬ್ಬಿಸಿದನು. ಎಲ್ಲರೂ ಬೆರಗಾಗಿ ನಿಂತಿದ್ದಾಗ, ಅವಳಿಗೆ ಊಟಕ್ಕೆ ಕೊಡಿ ಎಂದನು (ಮಾರ್ಕ 5:43). ಹನ್ನೆರಡು ವರ್ಷ, ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆಯಾಗಲು ತೊಡಗುವ ವಯಸ್ಸು. ನಮ್ಮ ಮನೆಗಳಲ್ಲಿ ಗಂಡಸರು, ಮಕ್ಕಳು, ಅತ್ತೆ ಉಂಡ ಮೇಲೆ ಸೊಸೆ ಕೂರುತ್ತಾಳೆ. ಅಷ್ಟರಲ್ಲಿ ಪಲ್ಯದ ಪಾತ್ರೆಯ ತಳ ಕಾಣುತ್ತಿರುತ್ತದೆ. ಅವಳು ಒಣ ರೊಟ್ಟಿಗೆ ಚಟ್ನಿಪುಡಿ ಹಚ್ಚಿಕೊಂಡು ಏಳುತ್ತಾಳೆ. ಪ್ರಭುಭೋಜನಕ್ಕೆ ಕೂಡಿದಾಗ ಕೆಲವರು ಮೊದಲೇ ತಿಂದು ಉಳಿದವರನ್ನು ಹಸಿದಿಡುತ್ತಾರೆ ಎಂದು ಪೌಲನು ಕೊರಿಂಥದವರನ್ನು ಗದರಿಸಿ, ಒಬ್ಬರಿಗಾಗಿ ಒಬ್ಬರು ಕಾದುಕೊಳ್ಳಿರಿ ಎಂದನು. ಈ ಮಾತನ್ನು ಅಡುಗೆಮನೆಗೆ ತನ್ನಿ. ದಿನಕ್ಕೆ ಒಂದು ಊಟವನ್ನಾದರೂ ಎಲ್ಲರೂ ಒಟ್ಟಿಗೆ ಕುಳಿತು ಮಾಡಿ. ಆಗದಿದ್ದರೆ ಅವಳ ಪಾಲನ್ನು ಮೊದಲೇ ತೆಗೆದಿಡಿ.

ನಮ್ಮ ಭಾಗದ ಊಟ ಬಹಳ ಒಳ್ಳೆಯದು. ಜೋಳದ ರೊಟ್ಟಿ, ಮಡಕಿಕಾಳು, ಹೆಸರುಕಾಳು, ಪುಂಡಿ ಪಲ್ಯ, ಮೆಂತ್ಯೆ, ರಾಜಗಿರಿ, ಹಸಿಯಾಗಿ ಹಕ್ಕರಕಿ, ಮೇಲೆ ಅಗಸಿ ಮತ್ತು ಗುರೆಳ್ಳು ಚಟ್ನಿ. ತಟ್ಟೆಯ ಅರ್ಧ ಭಾಗ ಸೊಪ್ಪು, ತರಕಾರಿ ಇರಲಿ. ಉಳಿದರ್ಧದಲ್ಲಿ ಕಾಳು ಮತ್ತು ರೊಟ್ಟಿ. ಜೋಳದ ರೊಟ್ಟಿ ಸಕ್ಕರೆ ಕಾಯಿಲೆಗೆ ಔಷಧಿ, ಎಷ್ಟಾದರೂ ತಿನ್ನಬಹುದು ಎಂಬುದು ತಪ್ಪು ತಿಳಿವಳಿಕೆ. ಅದೂ ಸಕ್ಕರೆಯಾಗಿಯೇ ಕರಗುತ್ತದೆ. ಸೊಪ್ಪಿನ ಪಲ್ಯದ ಮೇಲೆ ನಿಂಬೆ ಹಿಂಡಿದರೆ ಕಬ್ಬಿಣದ ಅಂಶವನ್ನು ದೇಹ ಹೆಚ್ಚು ಹೀರುತ್ತದೆ, ಊಟವಾದ ಕೂಡಲೇ ಚಹಾ ಕುಡಿದರೆ ಅದು ತಗ್ಗುತ್ತದೆ. ರೊಟ್ಟಿಯಲ್ಲಿ ಉಪ್ಪು ಇರುವುದಿಲ್ಲ ಎಂಬುದು ನಿಜ, ಆದರೆ ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳ, ಸಂಡಿಗೆಗಳಲ್ಲಿ ಅದು ಸೇರಿಕೊಂಡಿರುತ್ತದೆ. ಒಬ್ಬರಿಗೆ ದಿನಕ್ಕೆ 5 ಗ್ರಾಂ, ಎಂದರೆ ಒಂದು ಚಹಾ ಚಮಚದಷ್ಟು, ಇದೇ ಮಿತಿ.

ಸುಗ್ಗಿ ಹಬ್ಬದ ಪ್ರೀತಿಭೋಜನದಲ್ಲಿ ಒಂದು ದೊಡ್ಡ ಪಾತ್ರೆ ಕೋಸಂಬರಿ ಮತ್ತು ಸಕ್ಕರೆ ಹಾಕದ ಮಜ್ಜಿಗೆ ಇಡಿ. ಬೇಕಾದವರು ತೆಗೆದುಕೊಳ್ಳುತ್ತಾರೆ. ಪೇಡೆ ಬೇಡ ಎಂದವರಿಗೆ ಒತ್ತಾಯ ಮಾಡಬೇಡಿ.

ಹೆಜ್ಜೆ 5: ಉಪವಾಸವನ್ನು ತಿಳಿದು ಮಾಡಿ

ಬೂದಿ ಬುಧವಾರದಿಂದ ಪುನರುತ್ಥಾನದ ಹಬ್ಬದವರೆಗೆ, ಭಾನುವಾರಗಳನ್ನು ಬಿಟ್ಟು ನಲವತ್ತು ದಿನ. ನಮ್ಮಲ್ಲಿ ಅದೇ ಬಿರುಬಿಸಿಲಿನ ಕಾಲ. ಶುಭ ಶುಕ್ರವಾರ ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಏಳು ಮಾತುಗಳ ಧ್ಯಾನ ನಡೆಯುವಾಗ ಯಾರಾದರೂ ಹಿರಿಯರು ಬೆವರಿ ಕುಸಿಯುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಬೆಳಗ್ಗೆ ಸಕ್ಕರೆಯ ಗುಳಿಗೆ ನುಂಗಿರುತ್ತಾರೆ, ಊಟ ಬಿಟ್ಟಿರುತ್ತಾರೆ.

ಕಥೋಲಿಕ ಸಭೆಯ ನಿಯಮವೇ ಉಪವಾಸವನ್ನು 18ರಿಂದ 59 ವರ್ಷದವರಿಗೆ ಮಾತ್ರ ವಿಧಿಸುತ್ತದೆ. ಬೂದಿ ಬುಧವಾರ, ಶುಭ ಶುಕ್ರವಾರಗಳಂದು ಒಂದು ಪೂರ್ಣ ಊಟ, ಎರಡು ಸಣ್ಣ ಊಟಗಳಿಗೆ ಅವಕಾಶವಿದೆ. ರೋಗಿಗಳು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಅದಕ್ಕೆ ಬದ್ಧರಲ್ಲ. ಬೇರೆ ಸಭೆಗಳವರೂ ಈ ವಿವೇಕವನ್ನು ಅನುಸರಿಸಬಹುದು. ಸಕ್ಕರೆ, ಮೂತ್ರಪಿಂಡ, ಹೃದಯದ ಕಾಯಿಲೆ ಇರುವವರು ಉಪವಾಸಕ್ಕೆ ಹದಿನೈದು ದಿನ ಮೊದಲೇ ಡಾಕ್ಟರನ್ನು ಕೇಳಿ. ಗುಳಿಗೆ, ಇನ್ಸುಲಿನ್ ಪ್ರಮಾಣವನ್ನು ನೀವೇ ಬದಲಿಸಬೇಡಿ. ನೀರನ್ನು ಮಾತ್ರ ಯಾರೂ ಬಿಡಬೇಡಿ.

ಕೈ ನಡುಕ, ತಣ್ಣನೆಯ ಬೆವರು, ಕಣ್ಣು ಮಂಜು, ತಡೆಯಲಾಗದ ಹಸಿವು, ಅಸಂಬದ್ಧ ಮಾತು: ಇವು ಸಕ್ಕರೆ 70ಕ್ಕಿಂತ ಇಳಿದ ಗುರುತುಗಳು. ತಕ್ಷಣ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ. ಹದಿನೈದು ನಿಮಿಷದಲ್ಲಿ ಸರಿಯಾಗದಿದ್ದರೆ ಮತ್ತೊಮ್ಮೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ. ಆ ದಿನ ದೇವಾಲಯದ ಹಿಂದಿನ ಬೆಂಚಿನ ಬಳಿ ನೀರು, ಸಕ್ಕರೆ ಇಟ್ಟುಕೊಂಡು ಒಬ್ಬರು ಕುಳಿತಿರಲಿ.

ಊಟ ಬಿಡಲಾಗದವರು ಬೇರೆಯದನ್ನು ಬಿಡಬಹುದು. ಯೆಶಾಯ 58ರಲ್ಲಿ ದೇವರು ಮೆಚ್ಚುವ ಉಪವಾಸವೆಂದರೆ ಹಸಿದವರಿಗೆ ಅನ್ನ ಹಂಚುವುದು. ನಲವತ್ತು ದಿನದ ಚಹಾದ ಹಣವನ್ನು ಕೂಡಿಟ್ಟು ಸರಕಾರಿ ಆಸ್ಪತ್ರೆಯ ಹೊರಗೆ ಕಾಯುವ ರೋಗಿಗಳ ಮನೆಯವರಿಗೆ ಊಟ ಕೊಡಬಹುದು.

ಹೆಜ್ಜೆ 6: ಹಾಡುವ ಬಾಯಿಯೊಳಗೆ ಬೆಳಕು ಹಾಯಿಸಿ

ಗುಟ್ಕಾ ಜಗಿಯುವ ಹುಡುಗರು ನಮ್ಮ ಗಾಯನ ತಂಡದಲ್ಲೂ ಇದ್ದಾರೆ. ಬರೀ ಅಡಿಕೆ, ತಂಬಾಕಿಲ್ಲ ಎನ್ನುತ್ತಾರೆ. ಅಡಿಕೆಯೇ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ನಿಂತು, ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಬಾಯಿಯೊಳಗೆ ಹೋಗುತ್ತವೆಯೇ ನೋಡಿ. ಹೋಗದಿದ್ದರೆ, ಬಿಳಿ ಅಥವಾ ಕೆಂಪು ಕಲೆ ಕಂಡರೆ, ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ ದಂತವೈದ್ಯರಿಗೆ ತೋರಿಸಿ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬಿಡಲು ನೆರವು ಬೇಕಾದವರಿಗೆ 1800-11-2356 ಉಚಿತ ಸಹಾಯವಾಣಿ. ಸಭೆಯ ಮುಂದೆ ನಿಲ್ಲಿಸಿ ನಾಚಿಸಬೇಡಿ. ನಾಚಿದವನು ಬಚ್ಚಿಟ್ಟುಕೊಂಡು ಜಗಿಯುತ್ತಾನೆ, ಬಾಯಿ ತೋರಿಸಲು ಬರುವುದಿಲ್ಲ.

ಹೆಜ್ಜೆ 7: ನಡೆಯಿರಿ, ಮಲಗಿರಿ

ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಸಾಕು. ಉಣಕಲ್ ಕೆರೆ, ನೃಪತುಂಗ ಬೆಟ್ಟ, ಧಾರವಾಡದ ಕೆಲಗೇರಿ, ಗದುಗಿನ ಭೀಷ್ಮ ಕೆರೆ, ಹಾವೇರಿಯ ಹೆಗ್ಗೇರಿ, ಯಾವುದು ಹತ್ತಿರವೋ ಅದು. ಕೆಲಸಕ್ಕೆ ಹೋಗುವವರು ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಿಂದ ಒಂದು ನಿಲ್ದಾಣ ಮುಂಚೆ ಇಳಿಯಬಹುದು. ಒಬ್ಬೊಬ್ಬರಿಗಾಗಿ ಪ್ರಾರ್ಥಿಸುತ್ತಾ ನಡೆದರೆ ಅರ್ಧ ಗಂಟೆ ಸಾಲುವುದಿಲ್ಲ.

ಬಿರುಗಾಳಿಯಲ್ಲೂ ಪ್ರಭುವು ದೋಣಿಯ ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ಮಲಗಿದ್ದನು. ಏಳು ತಾಸು ನಿದ್ದೆ ಬೇಕು. ಇಡೀ ರಾತ್ರಿ ಪ್ರಾರ್ಥನೆಗೆ ಹೋದವರು ನಸುಕಿನಲ್ಲಿ ಬೈಕ್ ಹತ್ತಬೇಡಿ, ಅಲ್ಲೇ ಎರಡು ತಾಸು ಮಲಗಿ ಬನ್ನಿ. ಮೂರ್ಛೆರೋಗ ಇರುವವರಿಗೆ ನಿದ್ದೆಗೆಟ್ಟರೆ ಸೆಳವು ಬರಬಹುದು. ಅವರು ಹಗಲಿನಲ್ಲಿ ಪ್ರಾರ್ಥಿಸಲಿ.

ಹೆಜ್ಜೆ 8: ಮನಸ್ಸೂ ದೇಹದಲ್ಲೇ ಇದೆ

ನನ್ನ ಪ್ರಾಣವನ್ನು ತೆಗೆದುಬಿಡು ಎಂದು ಬೇಡಿದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ತಿಂದು ಮಲಗಿದನು, ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದನು. ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಇಲ್ಲ, ಬದುಕು ಬೇಡವೆನಿಸುತ್ತದೆ ಎನ್ನುವವರನ್ನು ದೆವ್ವ ಬಿಡಿಸಲು ಕರೆದೊಯ್ಯಬೇಡಿ. ಊಟ ಕೊಡಿ, ಜೊತೆಗಿರಿ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಅಥವಾ ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳು ಇರುತ್ತದೆ, ಕನ್ನಡದಲ್ಲಿ ಮಾತನಾಡುತ್ತಾರೆ.

ಹೆಜ್ಜೆ 9: ವಾಸಿಯಾಗದ ದೇಹದ ಮುಂದೆ

ಇಷ್ಟೆಲ್ಲ ಮಾಡಿದರೂ ದೇಹ ಸೋಲುತ್ತದೆ. ಪೌಲನು ತನ್ನ ಶರೀರದ ಮುಳ್ಳನ್ನು ತೆಗೆದುಬಿಡು ಎಂದು ಮೂರು ಸಲ ಬೇಡಿದನು, ಮುಳ್ಳು ಹೋಗಲಿಲ್ಲ. ಪುನರುತ್ಥಾನವಾದ ಪ್ರಭುವಿನ ಕೈಗಳಲ್ಲೂ ಗಾಯದ ಗುರುತು ಇತ್ತು. ಆದ್ದರಿಂದ ಹಾಸಿಗೆ ಹಿಡಿದವರಿಗೆ ನಿಮ್ಮ ನಂಬಿಕೆ ಸಾಲದು ಎಂದು ಯಾರೂ ಹೇಳಬಾರದು. ನಮ್ಮ ಅವ್ವನಿಗೆ ಒಬ್ಬರು ಹೀಗೆಯೇ ಹೇಳಿಹೋದರು. ಅವಳು ಮೂರು ದಿನ ಗೋಡೆಯ ಕಡೆಗೆ ತಿರುಗಿ ಮಲಗಿದ್ದಳು.

ಅಂಥ ಮನೆಗೆ ಹೋದಾಗ ಪ್ರಾರ್ಥನೆ ಚಿಕ್ಕದಿರಲಿ. ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿಗೆ, ಸೊಂಟಕ್ಕೆ ಹುಣ್ಣಾಗುತ್ತದೆ. ಹೊದಿಕೆಯನ್ನು ನಾಲ್ಕು ಮಡಿಕೆ ಮಾಡಿ ಮೈ ಕೆಳಗೆ ಹಾಕಿ, ಇಬ್ಬರು ಎರಡು ಕಡೆ ಹಿಡಿದರೆ ಚರ್ಮ ಉಜ್ಜದ ಹಾಗೆ ತಿರುಗಿಸಬಹುದು. ಅಡುಗೆಮನೆಯ ಬಾಗಿಲಲ್ಲಿ ಸೊಸೆಯೋ ಮಗಳೋ ತಿಂಗಳುಗಟ್ಟಲೆ ನಿದ್ದೆಗೆಟ್ಟು ನಿಂತಿರುತ್ತಾಳೆ. "ನೀನು ಹೋಗಿ ಮಲಗವ್ವ, ಮುಂದಿನ ಮಗ್ಗುಲು ನಾನು ತಿರುಗಿಸುತ್ತೇನೆ" ಎಂದು ಅವಳಿಗೆ ಹೇಳಿ, ಅಲ್ಲೇ ಕುಳಿತುಕೊಳ್ಳಿ.